ಅರ್ಧ ಗುಳಿಗೆ

ದಣಿವು ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಇಳಕಲ್ಲಿನಿಂದ ಹುನಗುಂದದ ಆಚೆಯ ಹಳ್ಳಿಯ ಹೈಸ್ಕೂಲಿಗೆ ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ, ಅದರಲ್ಲಿ ಅರ್ಧ ನಿಂತುಕೊಂಡೇ, ಹೋಗಿ ಬಂದವಳು ನಾನು. ದಿನಕ್ಕೆ ಐದಾರು ಪೀರಿಯಡ್ ವಿಜ್ಞಾನ ಪಾಠ ಮಾಡಿ, ಮನೆಗೆ ಬಂದು ರೊಟ್ಟಿ ಬಡಿದು, ಉತ್ತರ ಪತ್ರಿಕೆ ತಿದ್ದಿ ಮಲಗಿದರೆ ಬೆಳಿಗ್ಗೆ ಮತ್ತೆ ಮೊದಲಿನಂತಾಗಿರುತ್ತಿದ್ದೆ. ಆ ದಣಿವಿಗೆ ಒಂದು ಮರ್ಯಾದೆಯಿತ್ತು, ನಿದ್ದೆ ಮಾಡಿದರೆ ಹೋಗುತ್ತಿತ್ತು. ಥೈರಾಯಿಡ್ ಗುಳಿಗೆ ನಿಲ್ಲಿಸಿದ ಮೇಲೆ ಬಂದದ್ದು ಆ ಜಾತಿಯದಲ್ಲ. ಮಲಗಿ ಎದ್ದರೆ ಮಲಗಿದ್ದಕ್ಕೇ ಸುಸ್ತಾಗಿರುತ್ತಿತ್ತು.

ಅದಕ್ಕೂ ಒಂದೂವರೆ ವರ್ಷ ಮೊದಲು ನನ್ನ ಕುತ್ತಿಗೆಯಲ್ಲಿದ್ದ ಥೈರಾಯಿಡ್ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ಅದರಲ್ಲಿ ಕ್ಯಾನ್ಸರಿನ ಗಂಟಿತ್ತು. ಇದು ಒಳ್ಳೆಯ ಕ್ಯಾನ್ಸರ್ ಎಂದು ಎಲ್ಲರೂ ಸಮಾಧಾನ ಹೇಳಿದರು. ಹೇಳಿದವರಲ್ಲಿ ಯಾರಿಗೂ ಅದು ಇರಲಿಲ್ಲ. ಗ್ರಂಥಿ ಮಾಡಬೇಕಾದ ಕೆಲಸವನ್ನು ಅಂದಿನಿಂದ ಬೆಳಗಿನ ಒಂದು ಸಣ್ಣ ಬಿಳಿ ಗುಳಿಗೆ ಮಾಡುತ್ತಿತ್ತು, ನಾನೂ ಆ ವಿಷಯ ಮರೆಯತೊಡಗಿದ್ದೆ. ಆಮೇಲೆ ದಸರಾ ರಜೆಯಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಥೈರಾಯಿಡ್ ಕೋಶಗಳು ಮಾತ್ರ ತಯಾರಿಸುವ ಒಂದು ಪ್ರೋಟೀನು ಏರಿತ್ತು. ಗ್ರಂಥಿಯೇ ಇಲ್ಲದವಳ ರಕ್ತದಲ್ಲಿ ಅದು ಏರಬಾರದು. ಏರಿದೆ ಅಂದರೆ ಎಲ್ಲೋ ಕೆಲವು ಕೋಶಗಳು ಉಳಿದುಕೊಂಡು ಬೆಳೆಯುತ್ತಿವೆ ಎಂದರ್ಥ.

ಬಾಗಲಕೋಟೆಯ ನವನಗರದಲ್ಲಿ ನನ್ನನ್ನು ನೋಡುವ ಡಾಕ್ಟರಮ್ಮ ನನಗಿಂತ ಹತ್ತು ವರ್ಷ ಸಣ್ಣವರು. ರಿಪೋರ್ಟನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ವಿಕಿರಣ ಇರೋ ಅಯೋಡಿನ್ ಕೊಡಬೇಕಾಗ್ತೈತ್ರಿ ಟೀಚರ್. ಒಂದು ಕ್ಯಾಪ್ಸೂಲ್ ನುಂಗೋದು, ಅಷ್ಟ. ಥೈರಾಯಿಡ್ ಸೆಲ್ ಎಲ್ಲೆ ಅಡಗಿ ಕುಂತಿದ್ರೂ ಅಯೋಡಿನ್ ಒಳಗ ಎಳಕೋತಾವು. ಎಳಕೊಂಡು ಸಾಯ್ತಾವು."

"ಎಳಕೊಳ್ಳಲಿಲ್ಲಂದ್ರ?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಮುಂದಿನ ಎರಡು ತಿಂಗಳು ನಾನು ಬದುಕಿದ್ದು ಆ ಒಂದು ಪ್ರಶ್ನೆಯ ಒಳಗೆ.

ನಾನು ಹತ್ತನೆಯ ತರಗತಿಗೆ ಕಲಿಸುತ್ತಿದ್ದದ್ದು ಇಷ್ಟೇ: ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತದೆ, ಅಯೋಡಿನ್ ಇರುವ ಉಪ್ಪು ತಿನ್ನಬೇಕು. ಎರಡು ಅಂಕದ ಪ್ರಶ್ನೆ. ಅಯೋಡಿನ್ ಥೈರಾಯಿಡ್ ಕೋಶದೊಳಗೆ ಹೇಗೆ ಹೋಗುತ್ತದೆ ಎಂದು ಯಾವ ಮಗುವೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ರಕ್ತದಲ್ಲಿ ಇದೆ, ಕೋಶಕ್ಕೆ ಹೋಗುತ್ತದೆ, ಅಷ್ಟೇ ಎಂದುಕೊಂಡಿದ್ದೆ. ಅದು ತಾನಾಗಿ ಹೋಗುವುದಿಲ್ಲವಂತೆ. ಕೋಶದ ಗೋಡೆಯಲ್ಲಿ ಅದಕ್ಕೆಂದೇ ಒಂದು ಬಾಗಿಲಿರಬೇಕು. ಬಾಗಿಲು ಅನ್ನುವುದಕ್ಕಿಂತ ಪಂಪು ಅನ್ನಬೇಕು, ರಕ್ತದಲ್ಲಿರುವ ಅಷ್ಟಿಷ್ಟು ಅಯೋಡಿನನ್ನು ಹುಡುಕಿ ಎಳೆದುಕೊಳ್ಳುವ ಪಂಪು. ಆ ಪಂಪನ್ನು ಕಟ್ಟುವ ವಿಧಾನ ಒಂದು ಜೀನಿನಲ್ಲಿ ಬರೆದಿದೆ. ಅದೇ ಜೀನು ನನ್ನ ಹೆಬ್ಬೆರಳಿನ ಕೋಶದಲ್ಲೂ ಇದೆ, ಆದರೆ ಅಲ್ಲಿ ಅದನ್ನು ಯಾರೂ ಓದುವುದಿಲ್ಲ.

ಥೈರಾಯಿಡ್ ಕೋಶದಲ್ಲೂ ಅದನ್ನು ಸದಾ ಓದುವುದಿಲ್ಲ. ಓದು ಎಂದು ಹೇಳಿಕಳಿಸುವುದು ಮೆದುಳಿನ ಬುಡದಲ್ಲಿರುವ ಒಂದು ಪುಟ್ಟ ಗ್ರಂಥಿ. ಅದರ ಆಳು ಟಿಎಸ್‌ಎಚ್ ಎಂಬ ಹಾರ್ಮೋನು. ಅದು ರಕ್ತದಲ್ಲಿ ಬಂದು ಕೋಶದ ಹೊರಗೋಡೆಯ ಮೇಲೆ ಕೂರುತ್ತದೆ, ಒಳಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ದಾಟುತ್ತ ಕೋಶಕೇಂದ್ರಕ್ಕೆ ಮುಟ್ಟುತ್ತದೆ. ಅಲ್ಲಿ ಜೀನಿಗಿಂತ ಸ್ವಲ್ಪ ಮುಂಚೆ ಒಂದು ಜಾಗವಿದೆ. ಕೆಲವು ಪ್ರೋಟೀನುಗಳು ಬಂದು ಆ ಜಾಗದಲ್ಲಿ ಹಿಡಿದು ಕೂತರೆ ಜೀನಿನ ಓದು ಶುರುವಾಗುತ್ತದೆ, ಪಂಪುಗಳು ತಯಾರಾಗಿ ಗೋಡೆಗೆ ಬರುತ್ತವೆ. ಆದರೆ ರಕ್ತದಲ್ಲಿ ಥೈರಾಯಿಡ್ ಹಾರ್ಮೋನು ಸಾಕಷ್ಟಿದ್ದರೆ ಮೆದುಳಿನ ಆ ಗ್ರಂಥಿ ಸುಮ್ಮನಿರುತ್ತದೆ. ನಾನು ದಿನಾ ನುಂಗುತ್ತಿದ್ದ ಗುಳಿಗೆ ಅದೇ ಹಾರ್ಮೋನು. ಅದನ್ನು ನುಂಗುತ್ತಿರುವವರೆಗೂ ಟಿಎಸ್‌ಎಚ್ ಏಳುವುದಿಲ್ಲ, ಜೀನು ಏಳುವುದಿಲ್ಲ, ಕ್ಯಾಪ್ಸೂಲು ವ್ಯರ್ಥ.

ಇದರ ಮೇಲೆ ಇನ್ನೊಂದು ಭಯವಿತ್ತು. ಕ್ಯಾನ್ಸರಾದ ಕೋಶಗಳಲ್ಲಿ ಕೆಲವು ಈ ಜೀನನ್ನು ಪೂರ್ತಿ ಮುಚ್ಚಿಬಿಡುತ್ತವಂತೆ. ಬರಹ ಅಲ್ಲೇ ಇರುತ್ತದೆ, ಅಕ್ಷರವೂ ಅಳಿಸಿರುವುದಿಲ್ಲ, ಆದರೆ ಎಷ್ಟು ಕೂಗಿದರೂ ಓದುವುದಿಲ್ಲ. ಕೆಲವು ಪಂಪು ಕಟ್ಟಿಯೂ ಗೋಡೆಗೆ ಕಳಿಸದೆ ಒಳಗೇ ಇಟ್ಟುಕೊಳ್ಳುತ್ತವೆ. ನನ್ನವು ಯಾವ ಬಗೆಯವು ಎಂದು ಮೊದಲೇ ಹೇಳಲು ಆಗುವುದಿಲ್ಲ ಎಂದರು ಡಾಕ್ಟರಮ್ಮ.

"ನಾಲ್ಕು ವಾರ ಗುಳಿಗಿ ಪೂರ್ತಿ ಬಂದ್. ಕಡೀ ಎರಡು ವಾರ ಅಯೋಡಿನ್ ಇರೋ ಉಪ್ಪು, ಹಾಲು, ಮೊಸರು, ತತ್ತಿ ಏನೂ ಬ್ಯಾಡ. ಮೈಯಾಗ ಅಯೋಡಿನ್ ಹೆಚ್ಚಾದ್ರ ಸೆಲ್ಲು ತಾನ ಬಾಗ್ಲಾ ಹಾಕ್ಕೋತೈತಿ. ಟಿಎಸ್‌ಎಚ್ ಮೂವತ್ತು ದಾಟಬೇಕು. ದಾಟಿದ್ರ ದೊಡ್ಡ ದವಾಖಾನಿಗೆ ಕಳಸ್ತೇನಿ." ಆಮೇಲೆ ಸೇರಿಸಿದರು, "ಭಾಳ ಸುಸ್ತಾಗ್ತದ್ರಿ. ಮನ್ಯಾಗಿನವ್ರಿಗೆ ಹೇಳಿಡ್ರಿ."

ಹೇಳಿಟ್ಟೆ. ನಮ್ಮ ಮನೆಯಲ್ಲಿ ಮೂರೇ ಜನ. ಗಂಡ ಗ್ರಾನೈಟ್ ಕಾರ್ಖಾನೆಯಲ್ಲಿ ದಿನವಿಡೀ ಕಲ್ಲು ಕೊಯ್ಯುವ ಗದ್ದಲ ಕೇಳಿ, ಮನೆಯಲ್ಲಿ ಮಾತಾಡುವ ಚಟವನ್ನೇ ಬಿಟ್ಟವರು. ಅವರು ಕೇಳಿ ತಲೆಯಾಡಿಸಿದರು. ಹೇಳಬೇಕಾಗಿದ್ದುದು ಅತ್ತೆಗೆ.

ಅತ್ತೆಯ ತವರು ಗುಡೂರು, ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆ. ಮದುವೆಯಾಗಿ ಇಳಕಲ್ಲಿನ ಮಗ್ಗದ ಓಣಿಗೆ ಬಂದು ಐವತ್ತೈದು ವರ್ಷವಾದರೂ ಅವರ ಲೆಕ್ಕದಲ್ಲಿ ಜಗತ್ತಿನ ಅರ್ಧ ತಿಳಿವಳಿಕೆ ಕುರಿಯಿಂದ ಬಂದದ್ದು. ನಮ್ಮ ಮಗ್ಗ ನಿಂತು ಎಷ್ಟೋ ವರ್ಷವಾಯಿತು, ಈಗಲೂ ಅವರು ಬೇರೆಯವರ ಮಗ್ಗಕ್ಕೆ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಾರೆ. ಅವರದೊಂದು ನಂಬಿಕೆಯೆಂದರೆ, ಜಡ್ಡಾದವರು ತಮ್ಮ ಕೈಯಿಂದ ತಾವೇ ಔಷಧ ತೆಗೆದುಕೊಳ್ಳಬಾರದು, ಮೈಗೆ ಹತ್ತುವುದಿಲ್ಲ. ಕೈಗುಣ ಇರುವವರು ಕೊಡಬೇಕು. ಕೈಗುಣ ಯಾರಿಗಿದೆ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಮಾತಿರಲಿಲ್ಲ. ಆಪರೇಷನ್ ಆದ ದಿನದಿಂದ ನನ್ನ ಗುಳಿಗೆಯ ಡಬ್ಬಿ ಅವರ ಹತ್ತಿರವೇ ಇತ್ತು, ದೇವರ ಜಗಲಿಯ ಮೇಲೆ, ಬೀರಪ್ಪನ ಅರಿಶಿನ ಭಂಡಾರದ ಬಟ್ಟಲಿನ ಪಕ್ಕ. ಬೆಳಿಗ್ಗೆ ನಾನು ಮುಖ ತೊಳೆದು ಬಂದರೆ ಸಾಕು, "ಬಾಯಿ ತೆರಿ" ಎನ್ನುತ್ತಿದ್ದರು. ನಲವತ್ತೆಂಟು ವರ್ಷದ ಟೀಚರು ಬಾಯಿ ತೆರೆದು ನಿಲ್ಲುತ್ತಿದ್ದೆ. ಮೊದಮೊದಲು ಸಂಕೋಚವಾಗುತ್ತಿತ್ತು, ಆಮೇಲೆ ಹಿತವೇ ಅನ್ನಿಸತೊಡಗಿತ್ತು.

"ನಾಲ್ಕು ವಾರ ಗುಳಿಗಿ ಇಲ್ಲರಿ ಅತ್ತಿ," ಎಂದೆ. "ಡಾಕ್ಟರ್ ಬ್ಯಾಡಂದಾರ."

"ಯಾಕ?"

ಯಾಕೆಂದು ಹೇಳಲು ಅವತ್ತು ನನಗೆ ಉಮೇದಿರಲಿಲ್ಲ. "ಹಂಗ ಐತ್ರಿ," ಎಂದೆ. ತಪ್ಪು ಶುರುವಾದದ್ದು ಅಲ್ಲಿ, ಅದು ನನ್ನದೇ.

ನವೆಂಬರಿನಲ್ಲಿ ಗುಳಿಗೆ ನಿಂತಿತು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಮೆಟ್ಟಿಲು ಹತ್ತುವಾಗ ತೊಡೆ ನೋವು. ಮೂರನೆಯ ವಾರದ ಹೊತ್ತಿಗೆ ನಾನು ಒದ್ದೆ ಗೋಣಿಚೀಲವಾಗಿದ್ದೆ. ದನಿ ಗೊಗ್ಗರಾಯಿತು, ಕಣ್ಣಿನ ಕೆಳಗೆ ಬಾತುಕೊಂಡಿತು. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದವಳು ಯಾಕೆ ತಿರುಗಿದೆನೆಂದು ಮರೆತು ಚಾಕ್‌ಪೀಸ್ ಹಿಡಿದು ನಿಂತಿರುತ್ತಿದ್ದೆ. ಊಟವೂ ಸಪ್ಪೆ. ಅತ್ತೆ ನನಗೆಂದು ಬೇರೆ ಗಡಿಗೆಯಲ್ಲಿ ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಪಲ್ಯ ಮಾಡುತ್ತಿದ್ದರು, ಬೆಳಿಗ್ಗೆ ಮಜ್ಜಿಗೆ ಹಾಕದ ಜೋಳದ ಅಂಬಲಿ. ಪಕ್ಕದ ಮನೆಯವರು ನೂಲಿಗೆ ಬಣ್ಣ ಹಾಕುವ ಮುಸ್ಲಿಂ ಕುಟುಂಬ, ಮೂರು ತಲೆಮಾರಿನಿಂದ ಅದೇ ಕೆಲಸ. ಆ ಮನೆಯಾಕೆ ಒಂದು ಬಟ್ಟಲು ಹರಳುಪ್ಪು ತಂದುಕೊಟ್ಟರು. ಬಣ್ಣದ ಹಂಡೆಗೆ ಹಾಕುವ ಉಪ್ಪು, ಅದರಲ್ಲಿ ಅಯೋಡಿನ್ ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಉಪ್ಪಿನ ಚೀಲದ ಮೇಲೆ ತಿನ್ನಲು ಯೋಗ್ಯವಲ್ಲ ಎಂದು ಅಚ್ಚಾಗಿದೆಯಲ್ಲ ಎಂದೆ. "ಓದಿದವ್ರ ಜೊತಿ ಇದ ತ್ರಾಸು ನೋಡ್ರಿ," ಎಂದು ಅತ್ತೆಯ ಕಡೆ ತಿರುಗಿ ನಕ್ಕು ಬಟ್ಟಲನ್ನು ವಾಪಸು ಒಯ್ದರು.

ನಾಲ್ಕನೆಯ ವಾರ ಒಂದು ವಿಚಿತ್ರ ನಡೆಯಿತು. ನನಗೆ ಸ್ವಲ್ಪ ಹಗುರವಾಯಿತು. ದನಿ ಸರಿಯಾಗಲಿಲ್ಲ, ಆದರೆ ಬಸ್ಸಿನಿಂದ ಇಳಿದು ಶಾಲೆಯವರೆಗೆ ಎಲ್ಲೂ ಕೂರದೆ ನಡೆದೆ. ಹಂಪಿ ಅರಸರ ಆನೆಯಂತೆ ಬೀಗಿದೆ ಎಂದರೂ ತಪ್ಪಲ್ಲ. ಸ್ಟಾಫ್‌ರೂಮಿನಲ್ಲಿ, "ಎಲ್ಲಾ ಮನಸ್ಸಿನ ಮ್ಯಾಲೆ ಇರತೈತ್ರಿ," ಎಂದು ಉಪದೇಶವನ್ನೂ ಮಾಡಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಾಗಲಕೋಟೆಗೆ ಹೋಗಿ ರಕ್ತ ಕೊಟ್ಟು ಮಧ್ಯಾಹ್ನದವರೆಗೆ ಕಾದೆ. ಟಿಎಸ್‌ಎಚ್ ಹನ್ನೆರಡು.

ಡಾಕ್ಟರಮ್ಮ ನನ್ನ ಮುಖ ನೋಡಿದರು. "ಗುಳಿಗಿ ಖರೆ ಬಿಟ್ಟೀರಿಲ್ಲೋ?"

"ನಾ ಸೈನ್ಸ್ ಟೀಚರ್ ಅದೀನ್ರಿ," ಎಂದೆ, ಸಿಟ್ಟಿನಿಂದಲೇ.

"ಹಂಗಂದ್ರ ಮೈಯಾಗ ಎಲ್ಲೋ ಹಾರ್ಮೋನ್ ತಯಾರಾಗಾಕತ್ತೈತಿ ಅಂತಾಗ್ತದ್ರಿ. ಅಷ್ಟು ಸೆಲ್ ಉಳದಾವಂದ್ರ ಮತ್ತ ಸ್ಕ್ಯಾನ್ ಮಾಡಿ ನೋಡಬೇಕು." ಅವರು ದೊಡ್ಡ ಆಸ್ಪತ್ರೆಗೆ ಫೋನು ಮಾಡಿ ನನ್ನ ತಾರೀಖು ರದ್ದು ಮಾಡಿಸಿದರು.

ಬಸ್ಸಿನಲ್ಲಿ ಕಂಡಕ್ಟರ್ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟನ್ನು ಬೆರಳಲ್ಲಿ ಸುರುಳಿ ಮಾಡುತ್ತ ಕೂತಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ತುಪ್ಪದ ವಾಸನೆ ಕಿಟಕಿಯಿಂದ ಬಂತು, ಕಿಟಕಿ ಮುಚ್ಚಿದೆ. ಹಾರ್ಮೋನು ಮಾಡುವಷ್ಟು ಕೋಶಗಳು ಉಳಿದಿವೆ. ಎಲ್ಲಿ, ಶ್ವಾಸಕೋಶದಲ್ಲೋ, ಎಲುಬಿನಲ್ಲೋ? ನನಗೆ ಹಗುರವಾದದ್ದು ಮನಸ್ಸಿನ ಗಟ್ಟಿಯಿಂದಲ್ಲ, ಕ್ಯಾನ್ಸರಿನ ದಯೆಯಿಂದ. ಹುನಗುಂದ ದಾಟುವವರೆಗೂ ನಾನು ಅಳುತ್ತಲೇ ಇದ್ದೆ. ಪಕ್ಕದಲ್ಲಿ ಕೂತ ಹೆಂಗಸು ಏನೂ ಕೇಳದೆ ತನ್ನ ಸೆರಗಿನ ತುದಿ ನನ್ನ ಕೈಗೆ ಕೊಟ್ಟಳು.

ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ಪಕ್ಕದ ಮನೆಯಾಕೆ ಬಣ್ಣದ ನೂಲಿನ ಲಡಿ ತಂದು ಹಾಕಿ ಅಲ್ಲೇ ಕೂತಿದ್ದರು. ಅವರ ಬೆರಳು ಆವತ್ತು ದಾಳಿಂಬೆ ಕೆಂಪು.

"ಎಷ್ಟ್ ಬಂತವಾ?" ಎಂದರು ಅತ್ತೆ.

"ಹನ್ನೆರಡು."

"ಚಲೋ ಆತು," ಎಂದರು. ಅವರ ಮುಖ ಅರಳಿತು. ಅವರಿಗೆ ಗೊತ್ತಿದ್ದ ಸಕ್ಕರೆ ಕಾಯಿಲೆಯ ಲೆಕ್ಕದಲ್ಲಿ ಕಡಿಮೆ ಅಂದರೆ ಒಳ್ಳೆಯದು.

"ಚಲೋ ಅಲ್ಲರಿ. ಮೂವತ್ತು ದಾಟಬೇಕಿತ್ತು. ಮೈಯಾಗ ಎಲ್ಲೋ ಜಡ್ಡು ಭಾಳ ಹಬ್ಬೈತಿ ಅಂತ ಕಾಣತೈತಿ. ಗುಳಿಗಿ ಬಿಟ್ರೂ ನಂಬರ್ ಏರವಲ್ದು."

ಅತ್ತೆಯ ಕೈಯಲ್ಲಿ ತಿರುಗುತ್ತಿದ್ದ ರಾಟೆ ನಿಂತಿತು.

"ಜಡ್ಡಲ್ಲವಾ ಅದು," ಎಂದರು. "ನಾ ಹಾಕೇನಿ."

"ಏನ್ ಹಾಕೀರಿ?"

"ಗುಳಿಗಿ. ಅರ್ಧ ಅರ್ಧ. ಅಂಬಲ್ಯಾಗ." ನನ್ನ ಕಡೆ ನೋಡದೆ ಹೇಳುತ್ತ ಹೋದರು. "ನಿನ್ನ ಮಾರಿ ನೋಡಾಕ ಆಗಲಿಲ್ಲ. ಹತ್ತು ದಿನಾತು. ಪೂರಾ ಹಾಕಿದ್ರ ಡಾಕ್ಟರ್ ಮಾತು ಮೀರಿದಂಗಾಕ್ಕೈತಿ ಅಂತ ಅರ್ಧಾ ಮಾಡಿ ಕುಟ್ಟಿ ಹಾಕೀನಿ. ನೀ ಓದಿದಾಕಿ, ಕೊಟ್ರ ಒಲ್ಲೆ ಅಂತಿದ್ದಿ. ಕುರಿಗೆ ಔಷಧ ತೋರಿಸಿ ಕೊಟ್ರ ಕುಡಿತೈತೇನು? ಹಿಟ್ಟಿನ್ಯಾಗ ಕಲಸಿ ಇಡಬೇಕು."

ಮೊದಲು ಬಂದದ್ದು ಸಂತೋಷ. ಎಲುಬಿನಲ್ಲೂ ಇಲ್ಲ, ಶ್ವಾಸಕೋಶದಲ್ಲೂ ಇಲ್ಲ, ಅಂಬಲಿಯಲ್ಲಿ ಇತ್ತು. ಅದು ಅರ್ಧ ನಿಮಿಷ ಉಳಿಯಿತು. ಆಮೇಲೆ ಬಂದ ಸಿಟ್ಟಿಗೆ ನನ್ನ ಮೈಯಲ್ಲಿ ಶಕ್ತಿ ಸಾಲಲಿಲ್ಲ. ಕೂಗಬೇಕು ಅನ್ನಿಸಿತು, ಗೊಗ್ಗರು ದನಿಯಲ್ಲಿ ಹೊರಬಂದದ್ದು, "ನನ್ನ ಕೊಲ್ಲಬೇಕಂತ ಮಾಡೀರೇನು?" ಎಂಬ ಮಾತು. ಅದನ್ನು ಆಡಬಾರದಿತ್ತು. ಅತ್ತೆ ಎದ್ದು ಒಳಗೆ ಹೋದರು.

ನಾನು ಅವರ ಹಿಂದೆಯೇ ಹೋಗಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ನು ಹಿಡಿದು ಚಿತ್ರ ಬರೆದೆ. ಇದು ಮೆದುಳು, ಇದು ಟಿಎಸ್‌ಎಚ್, ಇದು ಕೋಶ, ಇದು ಜೀನು. ಗುಳಿಗೆ ಬಂದರೆ ಇದು ಸುಮ್ಮನಾಗುತ್ತದೆ, ಇದು ಸುಮ್ಮನಾದರೆ ಅದು ಓದುವುದಿಲ್ಲ. ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಸುರಿದೆ. ಅತ್ತೆ ಬಾಣದ ಗುರುತುಗಳನ್ನು ನೋಡುತ್ತ ಅಪರಾಧಿಯಂತೆ ತಲೆಯಾಡಿಸಿದರು. ಒಂದಕ್ಷರವೂ ತಲೆಗೆ ಹೋಗಿರಲಿಲ್ಲ. ಕ್ಲಾಸಿನ ಕೊನೆಯ ಬೆಂಚಿನಲ್ಲಿ ಅಂಥ ತಲೆಯಾಡಿಸುವಿಕೆಯನ್ನು ದಿನಾ ನೋಡುವವಳು ನಾನು.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ಒಳಗೆ ಬಂದು ಅತ್ತೆಯ ಪಕ್ಕ ಕೂತರು.

"ನೋಡ್ರಿ ಆಯಿ, ಹಸಿ ನೂಲು ತಂದು ನಾವು ಹಂಗ ಬಣ್ಣಕ್ಕ ಹಾಕ್ತೇವೇನು? ಇಲ್ಲ. ಮೊದ್ಲ ಕುದಸ್ತೇವಿ. ಅದರ ಗಂಜಿ, ಜಿಡ್ಡು ಎಲ್ಲಾ ಬಿಡಸ್ತೇವಿ. ನೂಲು ಬಡವಾಗ್ತೈತಿ, ನೋಡಿದ್ರ ಪಾಪ ಅನಸ್ತೈತಿ. ಆದ್ರ ಅದು ಹಸದಿರತೈತಿ. ಹಸದ ನೂಲು ಬಣ್ಣಾ ಎಳಕೋತೈತಿ. ಹೊಟ್ಟಿ ತುಂಬಿದ್ದು ಎಳಕೊಳ್ಳೂದಿಲ್ಲ, ಮ್ಯಾಲಿಂದ ಮ್ಯಾಲ ಹರದು ಹೋಗತೈತಿ. ಟೀಚರ್ ಈಗ ಕುದಿಯಾಕತ್ಯಾರ. ನೀವು ನಡಕ ಗಂಜಿ ಹಾಕೀರಿ."

ಅತ್ತೆ ತಮ್ಮ ಅಂಗೈ ನೋಡಿಕೊಂಡರು. ಐವತ್ತೈದು ವರ್ಷ ಬಣ್ಣ ಹಿಡಿದ ನೂಲನ್ನೂ ಬಣ್ಣ ಬಿಟ್ಟ ನೂಲನ್ನೂ ಸುತ್ತಿದ ಕೈ ಅದು. "ಹಂಗೇನು," ಎಂದರು. ಆಮೇಲೆ ದೇವರ ಜಗಲಿಗೆ ಹೋಗಿ ಗುಳಿಗೆಯ ಡಬ್ಬಿ ತಂದು ಪಕ್ಕದ ಮನೆಯಾಕೆಯ ಉಡಿಯಲ್ಲಿ ಹಾಕಿದರು. "ನಿಮ್ಮ ಮನ್ಯಾಗ ಇರ್ಲಿ. ನನ್ನ ಕೈ ನಂಬಾಂಗಿಲ್ಲ."

ಡಾಕ್ಟರಮ್ಮನಿಗೆ ಫೋನಿನಲ್ಲಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಇದ್ದಲ್ಲಿಂದಲೇ ಮುಂದುವರಿಸಿ, ಇನ್ನೂ ಮೂರೂವರೆ ವಾರ ಏನೂ ಬೇಡ, ಜನವರಿಯಲ್ಲಿ ಹೊಸ ತಾರೀಖು ಕೇಳೋಣ ಎಂದರು.

ಆ ಮೂರೂವರೆ ವಾರದ ಬಗ್ಗೆ ಬರೆಯಲು ಹೆಚ್ಚಿಲ್ಲ, ಯಾಕೆಂದರೆ ಹೆಚ್ಚು ನೆನಪಿಲ್ಲ. ಚಳಿ ನೆನಪಿದೆ. ನಮ್ಮ ಕಡೆ ಡಿಸೆಂಬರಿನ ಮಧ್ಯಾಹ್ನಕ್ಕೂ ಬಿಸಿಲಿರುತ್ತದೆ, ನಾನು ಗಂಡನ ಸ್ವೆಟರ್ ಹಾಕಿಕೊಂಡು ಪಾಠ ಮಾಡುತ್ತಿದ್ದೆ. ಕೂದಲು ಬಾಚಣಿಗೆಯಲ್ಲಿ ಬರುತ್ತಿತ್ತು. ಒಂದು ವಾಕ್ಯ ಓದಿ ಮುಗಿಸುವ ಹೊತ್ತಿಗೆ ಅದರ ಮೊದಲ ಪದ ಹೋಗಿರುತ್ತಿತ್ತು. ಅಂಬಲಿ ತರುವಾಗ ಅತ್ತೆ ಮೊದಲು ತಾವೊಂದು ಗುಟುಕು ನನ್ನೆದುರೇ ಕುಡಿಯುತ್ತಿದ್ದರು. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅವರೂ ಉಪ್ಪು ಬಿಟ್ಟಿದ್ದಾರೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಗಂಡನ ಬಾಯಿಂದ.

ಆ ನಡುವೆ ಶಾಲೆಯ ಪ್ರವಾಸ ಬಂತು. ಹೆಣ್ಣುಮಕ್ಕಳ ಜೊತೆ ಒಬ್ಬ ಲೇಡಿ ಟೀಚರ್ ಇರಲೇಬೇಕು, ಇದ್ದವಳು ನಾನೊಬ್ಬಳೇ. ಬಾದಾಮಿಯಲ್ಲಿ ಗುಹೆಯ ಮೆಟ್ಟಿಲು ಹತ್ತಲಿಲ್ಲ, ಕೆಳಗೆ ಮಂಗಗಳ ಜೊತೆ ಕೂತೆ. ಮಹಾಕೂಟದಲ್ಲಿ ಹೊಂಡದ ಮೆಟ್ಟಿಲ ಮೇಲೆ ಕೂತೆ. ಪಟ್ಟದಕಲ್ಲಿನಲ್ಲಿ ಹುಲ್ಲಿನ ಮೇಲೆ ಕೂತೆ. ಅಲ್ಲಿ ಒಬ್ಬ ಹುಡುಗಿ ಬಂದು, "ಮೇಡಂ, ಈ ಹೊಳಿ ಯಾವ್ದರಿ?" ಎಂದು ಕೇಳಿದಳು. ಹುಟ್ಟಿದಾಗಿನಿಂದ ಈ ಜಿಲ್ಲೆಯ ನೀರು ಕುಡಿದವಳಿಗೆ ಮಲಪ್ರಭೆಯ ಹೆಸರು ಬಾಯಿಗೆ ಬರಲಿಲ್ಲ. ಹುಡುಗಿ ಕಾದಳು. ನಾನು ನಾಲಗೆಯನ್ನು ಹೊರಳಿಸುತ್ತ ಹೊಳೆಯನ್ನು ನೋಡಿದೆ. ಅವಳೇ ಮರ್ಯಾದೆಯಿಂದ, "ಇರ್ಲಿ ಬಿಡ್ರಿ ಮೇಡಂ," ಎಂದು ಹೋದಳು.

ಅವತ್ತು ಸಂಜೆ ಮನೆಗೆ ಬಂದು ಚಪ್ಪಲಿ ಬಿಡದೆ ಪಡಸಾಲೆಯಲ್ಲಿ ಕುಸಿದು ಕೂತೆ. ಪಂಪಿನ ಜೀನು, ಟಿಎಸ್‌ಎಚ್, ಬಾಗಿಲು ಎಲ್ಲವೂ ನನಗೆ ಗೊತ್ತಿತ್ತು. ಇನ್ನು ಹನ್ನೊಂದೇ ದಿನ ಎಂದೂ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ.

"ಅತ್ತಿ," ಎಂದೆ. "ಅರ್ಧಾ ಕೊಡ್ರಿ."

ಅವರು ಕೇಳಿಸದವರಂತೆ ನೂಲು ಬಿಡಿಸುತ್ತಿದ್ದರು.

"ಒಂದ ಅರ್ಧಾ. ಇವತ್ತಷ್ಟ. ಬಾಜೂ ಮನ್ಯಾಗಿಂದ ತರ್ರಿ. ಯಾರಿಗೂ ಹೇಳೂದಿಲ್ಲ. ಒಂದ ದಿನಕ್ಕ ಏನೂ ಆಗೂದಿಲ್ಲರಿ, ನಾ ಓದೇನಿ, ನನಗ ಗೊತ್ತೈತಿ."

ಒಂದು ದಿನಕ್ಕೆ ಏನೂ ಆಗುವುದಿಲ್ಲ ಎಂದು ನಾನು ಎಲ್ಲೂ ಓದಿರಲಿಲ್ಲ. ಬೇಕಾದಾಗ ವಿಜ್ಞಾನದ ಹೆಸರು ಹೇಳಿ ಸುಳ್ಳಾಡುವುದು ನನಗೂ ಬರುತ್ತದೆ ಎಂದು ಅವತ್ತು ತಿಳಿಯಿತು.

ಅತ್ತೆ ಎದ್ದರು. ಕೊಡುತ್ತಾರೆ ಅಂದುಕೊಂಡೆ. ಅವರು ನನ್ನ ಹತ್ತಿರ ಬಂದು ಕೂತು, ಚಪ್ಪಲಿ ಬಿಚ್ಚಿ, ತಣ್ಣಗಾಗಿದ್ದ ನನ್ನ ಪಾದಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅಂಗೈಯಿಂದ ಉಜ್ಜತೊಡಗಿದರು. ಬೇಡ ಅನ್ನಬೇಕಿತ್ತು, ಸೊಸೆಯ ಕಾಲು ಅತ್ತೆ ಮುಟ್ಟುವುದು ನಮ್ಮಲ್ಲಿ ಇಲ್ಲ. ಅನ್ನಲಿಲ್ಲ.

"ಇಲ್ಲವಾ," ಎಂದರು. "ಕೊಡೂದಿಲ್ಲ. ಹಸದಿರ್ಲಿ."

ಅವರು ಅಳುತ್ತಿದ್ದರು. ಉಜ್ಜುವುದನ್ನು ನಿಲ್ಲಿಸಲಿಲ್ಲ. ಮೊದಲ ಸಲ ನನ್ನ ಮುಖ ನೋಡಲಾರದೆ ಗುಳಿಗೆ ಕುಟ್ಟಿ ಹಾಕಿದವರು, ಈ ಸಲ ನೋಡುತ್ತಲೇ ಕೂತಿದ್ದರು. ಯಾವುದು ಹೆಚ್ಚು ಕಷ್ಟವೆಂದು ನಾನು ಕೇಳಬೇಕಾಗಿರಲಿಲ್ಲ. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು.

ಜನವರಿಯಲ್ಲಿ ಟಿಎಸ್‌ಎಚ್ ಎಂಬತ್ತನ್ನು ದಾಟಿತ್ತು. ಡಾಕ್ಟರಮ್ಮ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವಳನ್ನು ನೋಡುವಂತೆ ನನ್ನನ್ನು ನೋಡಿ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಗಂಡ ಬಾಗಿಲವರೆಗೆ ಬಂದು ನಿಂತರು, ಒಳಗೆ ನಾನೊಬ್ಬಳೇ ಇರಬೇಕು. ದಪ್ಪ ಗೋಡೆಯ ಕೋಣೆ, ಸೀಸದ ಡಬ್ಬಿಯೊಳಗೆ ಒಂದು ಕ್ಯಾಪ್ಸೂಲು. ಕೊಟ್ಟವನು ಚಿಮುಟದಂಥದ್ದರಲ್ಲಿ ಹಿಡಿದು ಮುಂದೆ ಚಾಚಿ, ನಾನು ತೆಗೆದುಕೊಳ್ಳುವ ಹೊತ್ತಿಗೆ ಹಿಂದೆ ಸರಿದಿದ್ದ. ಅದನ್ನು ನನ್ನ ಕೈಯಿಂದ ನಾನೇ ಬಾಯಿಗೆ ಹಾಕಿಕೊಂಡೆ. ಕೈಗುಣವಿಲ್ಲದ ಔಷಧ ಮೈಗೆ ಹತ್ತುತ್ತದೋ ಇಲ್ಲವೋ ಎಂದು ಆ ಕ್ಷಣದಲ್ಲಿ ನಿಜವಾಗಿಯೂ ಯೋಚಿಸಿದೆ. ಮೂರು ದಿನ ಗೋಡೆ ನೋಡುತ್ತ ಮಲಗಿದೆ. ನನ್ನ ಮೈಯಲ್ಲಿ ಎಲ್ಲೋ ಕೆಲವು ಕೋಶಗಳು ಹಳೆಯ ಪಾಠವನ್ನು ತೆರೆದು ಓದುತ್ತಿವೆಯೋ, ಮುಚ್ಚಿಟ್ಟುಕೊಂಡು ಕೂತಿವೆಯೋ ತಿಳಿಯುವ ಹಾಗಿರಲಿಲ್ಲ.

ಮೂರನೆಯ ದಿನ ಸ್ಕ್ಯಾನ್ ಮಾಡಿದರು. ತಿಳಿ ಬೂದು ಬಣ್ಣದ ಮನುಷ್ಯಾಕೃತಿ, ಹೊಟ್ಟೆಯ ಹತ್ತಿರ ಮಸುಕು, ಬಾಯಿಯ ಹತ್ತಿರ ಮಸುಕು, ಅವು ಎಲ್ಲರಲ್ಲೂ ಇರುತ್ತವಂತೆ. ಕುತ್ತಿಗೆಯ ಎಡಗಡೆ ಎಳ್ಳಿನಷ್ಟು ದೊಡ್ಡ ಎರಡು ಕಪ್ಪು ಚುಕ್ಕೆ. ಬೇರೆಲ್ಲೂ ಇಲ್ಲ. ಎಳೆದುಕೊಂಡಿವೆ ಎಂದರು ಅಲ್ಲಿಯ ಡಾಕ್ಟರ್. ನಾಳೆಯಿಂದ ಗುಳಿಗೆ ಶುರುಮಾಡಿ, ಎಂಟು ದಿನ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ, ಆರು ತಿಂಗಳಿಗೆ ಮತ್ತೆ ರಕ್ತ ನೋಡೋಣ, ಬೇಕಾದರೆ ಇದನ್ನೇ ಇನ್ನೊಮ್ಮೆ ಮಾಡೋಣ. ಇನ್ನೊಮ್ಮೆ ಎಂಬ ಮಾತನ್ನು ಕೇಳಿಸಿಕೊಂಡೂ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸುವುದಕ್ಕೂ ಹಾರ್ಮೋನು ಬೇಕು.

ಮನೆಯ ಹಿಂದಿನ ಕೋಣೆ, ಹಿಂದೆ ಮಗ್ಗವಿದ್ದ ಕೋಣೆ, ನನ್ನದಾಯಿತು. ಗಂಡ ಸ್ಕ್ಯಾನಿನ ಚಿತ್ರವನ್ನು ಅತ್ತೆಗೆ ತೋರಿಸಿದರು. ಕಪ್ಪು ಚುಕ್ಕೆ ನೋಡಿ ಅವರು ಬೆಚ್ಚಿದ್ದು ಬಾಗಿಲಾಚೆಯಿಂದಲೇ ನನಗೆ ಕಂಡಿತು.

"ಅದು ಚಲೋದರಿ ಅತ್ತಿ," ಎಂದು ಕೂಗಿ ಹೇಳಿದೆ. "ಬಣ್ಣಾ ಹಿಡದೈತಿ."

ಅವರು ಚಿತ್ರವನ್ನು ಬೆಳಕಿಗೆ ಹಿಡಿದು, ನೂಲಿನ ಲಡಿ ನೋಡುವ ಹಾಗೆ ಓರೆ ಮಾಡಿ ನೋಡಿದರು. ಹಿಡಿದಿದೆ ಎಂದು ಅವರಿಗೂ ಒಪ್ಪಿಗೆಯಾಯಿತು.

ಮಾರನೆಯ ಬೆಳಿಗ್ಗೆ ಹೊಸ್ತಿಲ ಆಚೆ ಒಂದು ತಟ್ಟೆ, ಅದರಲ್ಲಿ ಒಂದು ಇಡೀ ಗುಳಿಗೆ, ಒಂದು ಲೋಟ ನೀರು. ಅತ್ತೆ ಅದನ್ನಿಟ್ಟು ಎಂಟು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಒರಗಿ ನಿಂತಿದ್ದರು. ನಾನು ಬಗ್ಗಿ ತೆಗೆದುಕೊಂಡು ನುಂಗಿದೆ. ನುಂಗಿದ್ದು ಗಂಟಲಿನಿಂದ ಇಳಿಯುವವರೆಗೂ ನೋಡಿ ಅವರು 'ಹೂಂ' ಎಂದು ಒಳಗೆ ಹೋದರು. ಏಳು ದಿನ ಹಾಗೇ ನಡೆಯಿತು. ಗುಳಿಗೆಯ ಗುಣ ಪೂರ್ತಿ ಕಾಣಲು ವಾರಗಳು ಬೇಕು ಎಂದು ನನಗೆ ಗೊತ್ತಿತ್ತು, ಆದರೂ ಆ ಏಳು ದಿನ ಅದು ಮೈಗೆ ಹತ್ತುತ್ತಿಲ್ಲ ಎಂದೇ ಅನ್ನಿಸುತ್ತಿತ್ತು.

ಎಂಟನೆಯ ದಿನ ಮುಗಿದ ಮಾರನೆಯ ಬೆಳಿಗ್ಗೆ ಮುಖ ತೊಳೆದು ಪಡಸಾಲೆಗೆ ಬಂದೆ. ಡಬ್ಬಿ ಪಕ್ಕದ ಮನೆಯಿಂದ ವಾಪಸು ಬಂದು ಭಂಡಾರದ ಬಟ್ಟಲಿನ ಪಕ್ಕ ಕೂತಿತ್ತು. ಅತ್ತೆ ಗುಳಿಗೆ ತೆಗೆದು ನನ್ನ ಅಂಗೈ ಮೇಲಿಟ್ಟರು.

"ನೀನ ತಗೋವಾ ಇನ್ನ," ಎಂದರು. "ನನ್ನ ಕೈ ಬ್ಯಾಡ."

ನಾನು ಅದನ್ನು ತಿರುಗಿ ಅವರ ಅಂಗೈಗೆ ಹಾಕಿ, ಬಾಯಿ ತೆರೆದು ನಿಂತೆ.